ತಲೆಯೊಳಗೆ ತಿರುಗದ ತ್ರಿಭುಜ

ಉಡುಪಿ

ಪ್ರೀತಿಯ ಪುಟ್ಟೀ,

ಮನೆ ಸುದ್ದಿಯೆಲ್ಲ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದು ಬೇಡ. ನಿನ್ನ ಕಾಗದದ ಒಂದು ಸಾಲು ನನ್ನನ್ನು ಮಲಗಲು ಬಿಡಲಿಲ್ಲ. 'ಕಣ್ಣು ಮುಚ್ಚಿದರೆ ತ್ರಿಭುಜ ತಿರುಗುವುದು ನನಗೆ ಕಾಣುವುದೇ ಇಲ್ಲ ದೊಡ್ಡಮ್ಮ, ಗ್ರಾಫಿಕ್ಸ್‌ಗೆ ಬೇಕಾದ ತಲೆ ನನಗಿಲ್ಲ' ಅಂತ ಬರೆದಿದ್ದೀ.

ಕಾಣಲೇಬೇಕು ಅಂತ ಯಾರು ಹೇಳಿದರು ಮಾರಾಯ್ತಿ? ಕಂಪ್ಯೂಟರಿಗೂ ಎಂತದೂ ಕಾಣುವುದಿಲ್ಲ. ಅದು ಮೂಲೆಗಳ ಅಂಕೆಗಳನ್ನಷ್ಟೇ ಬದಲಿಸುತ್ತದೆ. (3, 1) ಅನ್ನು ಮೂಲಬಿಂದುವಿನ, ಅಂದರೆ (0, 0)ರ ಸುತ್ತ, ಗಡಿಯಾರದ ಮುಳ್ಳಿಗೆ ಎದುರಾಗಿ 90 ಡಿಗ್ರಿ ತಿರುಗಿಸಬೇಕಾ? ಅಂಕೆಗಳನ್ನು ಅದಲುಬದಲು ಮಾಡು, ಈಗ ಮೊದಲು ಬಂದದ್ದರ ಚಿಹ್ನೆ ಬದಲಿಸು. (-1, 3). ಮತ್ತೆ ಹಾಗೇ ಮಾಡಿದರೆ (-3, -1), ಆಮೇಲೆ (1, -3). ನಾಲ್ಕನೇ ಸಲಕ್ಕೆ ಹೊರಟಲ್ಲಿಗೇ ಬಂದಾಯಿತು. 1637ರಲ್ಲಿ ಫ್ರಾನ್ಸಿನ ಗಣಿತಜ್ಞ ರೆನೆ ಡೆಕಾರ್ಟ್ ರೇಖೆಗಳನ್ನು ಬೀಜಗಣಿತದಲ್ಲಿ ಬರೆದು ತೋರಿಸಿದ ಮೇಲೆ ಕಣ್ಣಿನ ಅರ್ಧ ಕೆಲಸ ಕೈಗೆ ಬಂತು.

ನಾನು ಮಂಗಳೂರಿನಲ್ಲಿ ಟ್ರೇಸರ್, ಅಂದರೆ ನಕ್ಷೆಗಳ ಮೇಲೆ ಹಾಳೆ ಇಟ್ಟು ನಕಲು ಎಳೆಯುವವಳು, ಆಗಿದ್ದಾಗ ಜೋಡಿ ಮನೆಗಳ ನಕ್ಷೆ ತುಂಬ ಬರುತ್ತಿತ್ತು. ಒಂದು ಮನೆ ಎಳೆದು, ಶಾಯಿ ಚೆನ್ನಾಗಿ ಒಣಗಿದ ಮೇಲೆ ಟ್ರೇಸಿಂಗ್ ಪೇಪರನ್ನು ಮಗುಚಿ, ಮೇಲೆ ಇನ್ನೊಂದು ಹಾಳೆ ಇಟ್ಟು ಎಳೆದರೆ ಪಕ್ಕದ ಮನೆ ಸಿದ್ಧ. ಅಡುಗೆಮನೆಗೆ ಅಡುಗೆಮನೆ ಒತ್ತಿಕೊಂಡಿರುತ್ತಿತ್ತು. ರೂಮಿನ ಹೆಸರುಗಳು ಮಾತ್ರ ತಿರುವುಮುರುವು. ಮಗುಚಿದ ಹಾಳೆಯನ್ನು ಸುತ್ತ ಎಷ್ಟು ತಿರುಗಿಸಿದರೂ ಆ ಅಕ್ಷರ ನೆಟ್ಟಗಾಗುವುದಿಲ್ಲ, ಇನ್ನೊಮ್ಮೆ ಮಗುಚಲೇಬೇಕು. ಪ್ರತಿಬಿಂಬ ಬೇರೆ, ತಿರುಗುವಿಕೆ ಬೇರೆ ಅಂತ ನಾನು ಕಲಿತದ್ದು ಹಾಗೆ. ತಲೆಯೊಳಗೆ ಯಾವ ಚಿತ್ರವೂ ಮೂಡುತ್ತಿರಲಿಲ್ಲ, ಪುಟ್ಟೀ. ಒಂದು ದಿನವೂ.

ಆ ಆಫೀಸಿನಲ್ಲಿ ಒಬ್ಬರು 'ಈ ಹುಡುಗಿಗೆ ಆಕಾರ ಕಾಣುವ ತಲೆ ಇಲ್ಲ' ಅಂದಿದ್ದರು. ನಾನು ಡ್ರಾಫ್ಟ್ಸ್‌ಮನ್ ಕೋರ್ಸಿಗೆ ಅರ್ಜಿ ಹಾಕಲೇ ಇಲ್ಲ. ಕೊನೆಯವರೆಗೂ ಬೇರೆಯವರ ಗೆರೆಯ ಮೇಲೆಯೇ ಗೆರೆ ಎಳೆದೆ. ಅದೇ ಮಾತು ಈಗ ನಿನ್ನ ಕೈಬರಹದಲ್ಲಿ ಬಂದರೆ ನನಗೆ ಹೇಗಾಗಬೇಡ ಹೇಳು.

ನೀನು ತಪ್ಪಿದ ಲೆಕ್ಕವನ್ನೂ ನೋಡಿದೆ. ಹೇಳಬಹುದೋ ಬಾರದೋ, ನಿಮ್ಮ ಲೆಕ್ಚರರ್ ಇದ್ದಾರೆ. (5, 1) ಅನ್ನು (2, 1)ರ ಸುತ್ತ, ಮೇಲಿನ ಹಾಗೆಯೇ 90 ಡಿಗ್ರಿ ತಿರುಗಿಸು ಅಂತ ಕೇಳಿದ್ದಾರೆ. ನೀನು (-1, 5) ಬರೆದಿದ್ದೀ. ತಿರುಗಿಸಿದ್ದು ಸರಿಯೇ, ಆದರೆ ಮೂಲಬಿಂದುವಿನ ಸುತ್ತ. ಮೊದಲು ಕೇಂದ್ರವನ್ನು ಕಳೆಯಬೇಕಿತ್ತು: (3, 0). ತಿರುಗಿಸಿದರೆ (0, 3). ಕಳೆದದ್ದನ್ನು ವಾಪಸ್ ಕೂಡಿದರೆ (2, 4). ಬಿಟ್ಟುಹೋದದ್ದು ಒಂದು ಕಳೆಯುವುದು, ಒಂದು ಕೂಡುವುದು. ಇದಕ್ಕೆ ತಲೆ ಇಲ್ಲ ಅನ್ನುವುದಾ?

ನಂಬಿಕೆ ಬಾರದಿದ್ದರೆ ಬಟರ್ ಪೇಪರಿನಲ್ಲಿ ತ್ರಿಭುಜ ಎಳೆದು, ಕೇಂದ್ರದಲ್ಲಿ ಗುಂಡುಸೂಜಿ ಚುಚ್ಚಿ, ಗ್ರಾಫ್ ಹಾಳೆಯ ಮೇಲೆ ತಿರುಗಿಸಿ ನೋಡು. ಹಳೇ ಕಾಲದ್ದು, ನಿನಗೆ ಸರಿಹೋಗುತ್ತದೋ ಇಲ್ಲವೋ.

ವಿಷಯ ಬದಲಿಸುವ ಫಾರ್ಮ್ ತಂದಿಟ್ಟಿದ್ದೇನೆ ಅಂದಿದ್ದೀಯಲ್ಲ, ಅದಕ್ಕೆ ಸಹಿ ಹಾಕುವ ಮೊದಲು ನನಗೊಂದು ಫೋನ್ ಮಾಡು. ರಾತ್ರಿ ಎಷ್ಟು ಹೊತ್ತಾದರೂ ಅಡ್ಡಿಯಿಲ್ಲ.

ನಿನ್ನ
ದೊಡ್ಡಮ್ಮ