ಮೆಹಂದಿಯ ಬಿಯರು, ಮಕ್ಕಳ ಮೆದುಳು

ಮಾನ್ಯರೇ,

ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ ಕಡೆ ಮದುವೆಯ ಹಿಂದಿನ ರಾತ್ರಿಯ ಮೆಹಂದಿಯಲ್ಲಿ ಹತ್ತನೇ ಕ್ಲಾಸಿನ ಹುಡುಗರ ಕೈಗೂ ಬಿಯರ್ ಸಿಗುತ್ತದೆ. ‘ಮಕ್ಕಳಲ್ವಾ, ಸುಮ್ನೆ ಒಂದು ಗ್ಲಾಸು’ ಎಂದು ಹಿರಿಯರೇ ನಗುತ್ತಾರೆ. ಮಕ್ಕಳು ಎಂಬುದೇ ಇಲ್ಲಿ ತೊಂದರೆ.

ಮೆದುಳು ಸುಮಾರು 25ನೇ ವಯಸ್ಸಿನವರೆಗೂ ಬೆಳೆಯುತ್ತಿರುತ್ತದೆ. ಆತುರಕ್ಕೆ ಕಡಿವಾಣ ಹಾಕುವ ಮುಂಭಾಗ ಬಲಿಯುವುದು ಕೊನೆಗೆ. ಮೆದುಳನ್ನು ತಣ್ಣಗಿಡುವ ಗಾಬಾ ಎಂಬ ರಾಸಾಯನಿಕದ ಪ್ರಭಾವವನ್ನು ಮದ್ಯ ಜಾಸ್ತಿ ಮಾಡುತ್ತದೆ. ಅಮಲು ಇಳಿದಾಗ ಉಲ್ಟಾ ಹೊಡೆದು ಚಡಪಡಿಕೆ ಶುರು. ಅದಕ್ಕೆ ಮತ್ತೆ ಕುಡಿತ.

ಶಿಕಾಗೊದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಇಲಿಗಳ ಅಧ್ಯಯನ ಇನ್ನೂ ಯೋಚಿಸುವಂತೆ ಮಾಡುತ್ತದೆ. ಹದಿಹರೆಯದಲ್ಲಿ ಮದ್ಯ ಕೊಟ್ಟ ಇಲಿಗಳಲ್ಲಿ, ಭಯವನ್ನು ನೋಡಿಕೊಳ್ಳುವ ಅಮಿಗ್ಡಲಾ ಭಾಗದಲ್ಲಿ ಆರ್ಕ್ ಎಂಬ ಜೀನಿನ ಕೆಲಸ ತಗ್ಗಿತ್ತು. ದೊಡ್ಡವಾದ ಮೇಲೆ ಅವು ಹೆಚ್ಚು ಅಂಜುತ್ತಿದ್ದವು, ಹೆಚ್ಚು ಕುಡಿಯುತ್ತಿದ್ದವು. ಆ ಜೀನನ್ನು ಮತ್ತೆ ಚುರುಕುಗೊಳಿಸಿದಾಗ ಎರಡೂ ಕಡಿಮೆಯಾದವು. ಇಲಿ ಬೇರೆ, ಮನುಷ್ಯ ಬೇರೆ, ಒಪ್ಪೋಣ. ಹಾಗಂತ ನಮ್ಮ ಮಕ್ಕಳ ಮೇಲೆ ಪ್ರಯೋಗ ಮಾಡಿ ನೋಡಬೇಕೇ?

ಕೇರಳದಲ್ಲಿ ಮದ್ಯ ಕುಡಿಯಲು 23 ವರ್ಷ ತುಂಬಿರಬೇಕು. ಆ ಕಾನೂನು ಮದುವೆ ಚಪ್ಪರದೊಳಗೆ ಬರುವುದಿಲ್ಲ, ಬಿಡಿ. ನಮ್ಮ ಕನ್ನಡ ಮಾಧ್ಯಮ ಶಾಲೆಗೆ ಬಂದ ಜಾಗೃತಿ ಕರಪತ್ರ ಪೂರ್ತಿ ಮಲಯಾಳದಲ್ಲಿತ್ತು. ಮನೆಯವರು ಓದುವುದು ಹೇಗೆ? ಸಂಬಂಧಪಟ್ಟವರು ಕನ್ನಡದಲ್ಲೂ ಅಚ್ಚು ಹಾಕಿಸಲಿ, ಮದುವೆ ಸೀಸನ್ನಿಗೆ ಮೊದಲೇ.

– ಒಬ್ಬ ಶಿಕ್ಷಕಿ, ಬದಿಯಡ್ಕ