ಬಿಯರ್ ಲೆಕ್ಕಕ್ಕೆ ಪೆಟ್ಟಿಗೆಯ ಅಳತೆ ಸಾಲದು

ಮಾನ್ಯ ಸಂಪಾದಕರೆ,

ಬೇಸಿಗೆ ಬಂತೆಂದರೆ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪದೆ ಕಾಣಿಸುತ್ತದೆ: ಜಿಲ್ಲೆಯಲ್ಲಿ ಇಷ್ಟು ಪೆಟ್ಟಿಗೆ ಬಿಯರ್ ಮಾರಾಟವಾಯಿತು, ಕಳೆದ ವರ್ಷಕ್ಕಿಂತ ಇಷ್ಟು ಹೆಚ್ಚು ಅಥವಾ ಇಷ್ಟು ಕಡಿಮೆ ಎಂದು. ಓದಿದವರು ಜನ ಕುಡಿತಕ್ಕೆ ಬಿದ್ದರೆಂದೋ ಕುಡಿತ ಬಿಟ್ಟರೆಂದೋ ತೀರ್ಮಾನಿಸಿಬಿಡುತ್ತಾರೆ. ಬಳ್ಳಾರಿಯಂಥ ಗಡಿ ಜಿಲ್ಲೆಯಲ್ಲಿ ಈ ಎರಡೂ ತೀರ್ಮಾನಗಳು ಹುಸಿಯಾಗುವ ಸಂಭವವೇ ಹೆಚ್ಚು.

ನಮ್ಮ ರಾಜ್ಯದಲ್ಲಿ 2003ರಿಂದ ಮದ್ಯದ ಸಗಟು ವಹಿವಾಟು ಕರ್ನಾಟಕ ರಾಜ್ಯ ಪಾನೀಯ ನಿಗಮದ ಕೈಯಲ್ಲಿದೆ. ಚಿಲ್ಲರೆ ಮಾರಾಟ ಬಹುಪಾಲು ಖಾಸಗಿ ಸನ್ನದುದಾರರದು, ಸ್ವಲ್ಪ ಪಾಲು ಸರ್ಕಾರಿ ಸ್ವಾಮ್ಯದ ಎಂಎಸ್‌ಐಎಲ್ ಮಳಿಗೆಗಳದು. ಆದ್ದರಿಂದ ನಿಗಮದ ಅಂಕಿಗಳು ಹೇಳುವುದು ಡಿಪೊದಿಂದ ಅಂಗಡಿಗೆ ಎತ್ತುವಳಿಯಾದ ಪೆಟ್ಟಿಗೆಗಳನ್ನೇ ಹೊರತು ಗಿರಾಕಿಯ ಕೈ ಸೇರಿದ ಬಾಟಲಿಗಳನ್ನಲ್ಲ. ದರ ಏರುವ ಸುಳಿವು ಸಿಕ್ಕ ವಾರ ಅಂಗಡಿಯವರು ದಾಸ್ತಾನು ತುಂಬಿಕೊಂಡರೆ ಆ ತಿಂಗಳ ‘ಮಾರಾಟ’ ಉಬ್ಬುತ್ತದೆ, ಮುಂದಿನ ತಿಂಗಳು ಬತ್ತುತ್ತದೆ. ಕುಡಿಯುವವನ ನಾಲಿಗೆ ಮಾತ್ರ ಇದ್ದಂತೆಯೇ ಇರುತ್ತದೆ.

ಚಿಲ್ಲರೆ ಅಂಗಡಿಯನ್ನೂ ಸರ್ಕಾರವೇ ಹಿಡಿದರೆ ಲೆಕ್ಕ ಇನ್ನೆಷ್ಟು ಸೊಟ್ಟಗಾಗುತ್ತದೆ ಎಂಬುದನ್ನು ನಾವು ಐದು ವರ್ಷ ಪಕ್ಕದಲ್ಲೇ ಕಂಡವರು. ಆಂಧ್ರಪ್ರದೇಶ ಸರ್ಕಾರ 2019ರ ಅಕ್ಟೋಬರ್‌ನಿಂದ 2024ರ ಅಕ್ಟೋಬರ್‌ವರೆಗೆ ಮದ್ಯದಂಗಡಿಗಳನ್ನು ತಾನೇ ನಡೆಸಿತು. ಅಂಗಡಿಗಳ ಸಂಖ್ಯೆಯನ್ನು 3,500ಕ್ಕೆ ಇಳಿಸಿದ್ದಲ್ಲದೆ, 2020ರ ಮೇ ತಿಂಗಳ ಆರಂಭದಲ್ಲಿ ಕೆಲವೇ ದಿನಗಳ ಅಂತರದಲ್ಲಿ ದರವನ್ನು ಒಟ್ಟು ಶೇ 75ರಷ್ಟು ಏರಿಸಿತು. ಹೆಸರಾಂತ ಬಿಯರ್‌ಗಳು ಕಪಾಟಿನಿಂದ ಮರೆಯಾಗಿ, ‘ಬೂಮ್ ಬೂಮ್’ನಂಥ ಕೇಳರಿಯದ ಹೆಸರುಗಳು ಬಂದು ಕುಳಿತವು. ಅಲ್ಲಿ ಬಿಯರ್ ಮಾರಾಟ ತೀವ್ರವಾಗಿ ಕುಸಿದಾಗ ಅದನ್ನು ಸಂಯಮದ ಫಲವೆಂದು ಕೊಂಡಾಡಿದವರೂ ಇದ್ದರು. ಆದರೆ ಈಗ ಆಂಧ್ರದಲ್ಲಿರುವ ಆದವಾನಿ, ಆಲೂರು, ರಾಯದುರ್ಗ 1953ರವರೆಗೆ ನಮ್ಮದೇ ಜಿಲ್ಲೆಯ ತಾಲ್ಲೂಕುಗಳು. ನೆಂಟಸ್ತಿಕೆಗೆ, ಸಂತೆಗೆ, ಆಸ್ಪತ್ರೆಗೆ ಗಡಿ ದಾಟುವುದು ಈ ಸೀಮೆಯವರಿಗೆ ಹೊಸದೇನಲ್ಲ, ಇನ್ನು ಇದಕ್ಕೆ ದಾಟದಿರುತ್ತಾರೆಯೇ? ಆ ವರ್ಷಗಳಲ್ಲಿ ಕರ್ನಾಟಕದ ಟೆಟ್ರಾ ಪ್ಯಾಕ್ ಮದ್ಯ ಆಂಧ್ರದ ಚೆಕ್‌ಪೋಸ್ಟ್‌ಗಳಲ್ಲಿ ಪದೇ ಪದೇ ಸಿಕ್ಕಿಬಿದ್ದದ್ದು ಓದುಗರಿಗೆ ನೆನಪಿರಬಹುದು. ಬಿಯರ್ ಭಾರದ ಸರಕು, ಜೊತೆಗೆ ತಣ್ಣಗಿರಬೇಕು. ಅದನ್ನು ಕದ್ದು ಸಾಗಿಸುವುದಕ್ಕಿಂತ ಸಿರುಗುಪ್ಪಕ್ಕೋ ಬಳ್ಳಾರಿಗೋ ಬಂದು ಕುಡಿದು ಹೋಗುವುದೇ ಸುಲಭ. ಹೀಗೆ ಬಂದವರ ಬಾಟಲಿಯೂ ನಮ್ಮ ಜಿಲ್ಲೆಯ ಖಾತೆಗೇ ಜಮೆ. ಈಗ ಅಲ್ಲಿ ಅಂಗಡಿಗಳು ಮತ್ತೆ ಖಾಸಗಿಯವರ ಪಾಲಾಗಿ ಹಳೆಯ ಬ್ರ್ಯಾಂಡ್‌ಗಳು ಮರಳಿರುವುದರಿಂದ, ನಮ್ಮ ಗಡಿಯಂಗಡಿಗಳ ಲೆಕ್ಕ ಇಳಿದರೆ ಅದನ್ನು ಪಾನನಿರೋಧದ ಗೆಲುವೆಂದು ಬರೆಯದಿದ್ದರೆ ಸಾಕು.

ಪೆಟ್ಟಿಗೆ ಎಂಬ ಅಳತೆಯದೇ ಇನ್ನೊಂದು ತೊಡಕು. ಬಿಯರ್ ಪೆಟ್ಟಿಗೆಯಲ್ಲಿ 650 ಮಿ.ಲೀ.ನ 12 ಬಾಟಲಿ, ಅಂದರೆ 7.8 ಲೀಟರ್, ಬ್ರಾಂದಿ, ವಿಸ್ಕಿಯ ಪೆಟ್ಟಿಗೆಯಲ್ಲಿ 180 ಮಿ.ಲೀ.ನ 48 ಕ್ವಾರ್ಟರ್, ಅಂದರೆ 8.64 ಲೀಟರ್. ಮೇಲ್ನೋಟಕ್ಕೆ ಹೆಚ್ಚು ಅಂತರವಿಲ್ಲ. ಆದರೆ ಸ್ಟ್ರಾಂಗ್ ಬಿಯರಿನಲ್ಲಿ ಮದ್ಯಸಾರ ಹೆಚ್ಚೆಂದರೆ ಶೇ 8, ವಿಸ್ಕಿಯಲ್ಲಿ ಶೇ 42.8. ಗುಣಿಸಿ ನೋಡಿದರೆ ಒಂದು ಪೆಟ್ಟಿಗೆ ವಿಸ್ಕಿ ಸುಮಾರು ಆರು ಪೆಟ್ಟಿಗೆ ಸ್ಟ್ರಾಂಗ್ ಬಿಯರಿಗೆ ಸಮ. ಎರಡನ್ನೂ ಒಂದೇ ಸಾಲಿನಲ್ಲಿ ಕೂಡಿಸಿ ‘ಮದ್ಯ ಮಾರಾಟ’ ಎಂದು ಬರೆಯುವುದು ಭತ್ತವನ್ನೂ ಅಕ್ಕಿಯನ್ನೂ ಒಂದೇ ಚೀಲವೆಂದು ಎಣಿಸಿದಂತೆ.

ಇದು ಬರೀ ಲೆಕ್ಕದ ತಕರಾರಲ್ಲ. ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವನ್ನು 2023ರ ಜುಲೈ ಬಜೆಟ್ಟಿನಲ್ಲಿ ಶೇ 175ರಿಂದ 185ಕ್ಕೆ ಏರಿಸಲಾಯಿತು. 2025ರ ಜನವರಿಯಲ್ಲಿ ಬಿಯರ್ ಮತ್ತೆ ತುಟ್ಟಿಯಾಯಿತು. ಇವೆರಡರ ನಡುವೆ, 2024ರ ಆಗಸ್ಟ್‌ನಲ್ಲಿ, ದುಬಾರಿ ವಿಸ್ಕಿಗಳ ದರ ಮಾತ್ರ ಇಳಿಯಿತು. ಬಾಟಲಿ ಬಿಯರ್ ಕೈಗೆಟುಕದೆ ಕೂಲಿಕಾರನೊಬ್ಬ ಕ್ವಾರ್ಟರಿಗೆ ತಿರುಗಿದರೆ ಬಿಯರ್ ಅಂಕಿ ಇಳಿಯುತ್ತದೆ, ಅವನ ಹೊಟ್ಟೆಗೆ ಹೋಗುವ ಮದ್ಯಸಾರ ಇಳಿಯಬೇಕೆಂದೇನಿಲ್ಲ.

ಆದ್ದರಿಂದ ಅಬಕಾರಿ ಇಲಾಖೆ ಎತ್ತುವಳಿಯ ಅಂಕಿಗಳನ್ನು ತಾಲ್ಲೂಕುವಾರು ಬಿಡಿಸಿ, ಶುದ್ಧ ಮದ್ಯಸಾರದ ಲೀಟರ್‌ಗಳಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ. ಅಲ್ಲಿಯವರೆಗೆ ತಮ್ಮ ವರದಿಗಾರರು ಸಿರುಗುಪ್ಪದ ಅಂಕಿಯ ಪಕ್ಕದಲ್ಲಿ ಆದವಾನಿಯ ಅದೇ ಬಾಟಲಿಯ ದರವನ್ನಾದರೂ ಕೊಡಲಿ.

ನಿವೃತ್ತ ಉಪನ್ಯಾಸಕ,
ಬಳ್ಳಾರಿ