ವಾರದ ಕಂತಿಗೆ ದಿನದ ಬಡ್ಡಿ: ಕೇಳುವವರು ಯಾರು?

ಮಾನ್ಯ ಸಂಪಾದಕರೇ,

ಮೈಕ್ರೋಫೈನಾನ್ಸ್ ಸಾಲದ ಕಂತು ಕಟ್ಟಲಾಗದೆ ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಮನೆಗೆ ಬೀಗ ಹಾಕಿ ಹೋದ ಸುದ್ದಿಯನ್ನು ಸೋಮವಾರದ ಸಂಚಿಕೆಯಲ್ಲಿ ಪ್ರಕಟಿಸಿದ್ದೀರಿ. ವರದಿಯಲ್ಲಿ ತಪ್ಪೇನೂ ಇಲ್ಲ. ಆದರೆ ಬೀಗ ಹಾಕಿಕೊಂಡು ಹೋದವಳ ಕಂತು ಈಗ ಯಾರ ತಲೆಯ ಮೇಲೆ ಬಿದ್ದಿದೆ ಎಂಬುದು ಅದರಲ್ಲಿ ಬಂದಿಲ್ಲ. ಒಬ್ಬರು ತಪ್ಪಿದರೆ ಉಳಿದವರು ತುಂಬಬೇಕಾದ ಅದೇ ಸಾಲದ ಸಂಘದಲ್ಲಿ ಉಳಿದಿರುವ ಒಂಬತ್ತು ಹೆಂಗಸರ ಮೇಲೆ ಅದು ಬಿದ್ದಿದೆ, ಅವರಲ್ಲಿ ನಾನೂ ಒಬ್ಬಳು. ಸಂಘದ ಸಭೆ ಸೇರುವುದು ನಿಟುವಳ್ಳಿಯ ನನ್ನ ಮನೆಯ ಪಡಸಾಲೆಯಲ್ಲೇ ಆದ್ದರಿಂದ ಉಳಿದವರಿಗಿಂತ ಒಂದು ಪಾಲು ಹೆಚ್ಚಾಗಿಯೇ ಅನುಭವಿಸುತ್ತಿದ್ದೇನೆ.

ಕಳೆದ ಗುರುವಾರ ಬೆಳಿಗ್ಗೆ ಹತ್ತಕ್ಕೆ ಬಂದ ವಸೂಲಿಯ ಹುಡುಗ, ಹತ್ತು ಮಂದಿಯ ಕಂತು ಪೂರ್ತಿ ಎಣಿಸಿಕೊಟ್ಟರಷ್ಟೇ ಏಳುತ್ತೇನೆಂದು ಕುಳಿತವನು ರಾತ್ರಿ ಒಂಬತ್ತೂಕಾಲಕ್ಕೆ ಎದ್ದು ಹೋದ. ಹೊಲಿಗೆ ಯಂತ್ರ ಇರುವುದು ಅದೇ ಪಡಸಾಲೆಯಲ್ಲಿ. ಮರುದಿನದ ಮದುವೆಗೆ ಕೊಡಬೇಕಿದ್ದ ಎರಡು ರವಿಕೆಗಳು ಕತ್ತರಿಸಿದ್ದು ಕತ್ತರಿಸಿದಂತೆಯೇ ಉಳಿದವು. ಸಂಜೆ ಬಂದ ಗಿರಾಕಿ, ಬಾಗಿಲಲ್ಲಿ ಬೈಕು, ಒಳಗೆ ಗಲಾಟೆ ನೋಡಿ ಬಟ್ಟೆಯನ್ನು ಹಾಗೆಯೇ ಮಡಚಿಕೊಂಡು ಹಿಂದಿರುಗಿದರು, ಇನ್ನು ಅವರು ಬರುವುದಿಲ್ಲ. ಎಸ್ಸೆಸ್ಸೆಲ್ಸಿ ಓದುತ್ತಿರುವ ಮಗಳು ಪುಸ್ತಕ ಹಿಡಿದು ಅಡುಗೆಮನೆಯಲ್ಲಿ ಒಲೆಯ ಪಕ್ಕ ಕುಳಿತಳು. ಕೊನೆಗೆ ಒಂಬತ್ತು ಮಂದಿ ತಲಾ ನೂರು ರೂಪಾಯಿ ಹಾಕಿ, ಬೀಗ ಹಾಕಿ ಹೋದವಳ ಕಂತಿನ ಒಂಬೈನೂರು ತುಂಬಿಸಿದೆವು. ಆ ಹುಡುಗನನ್ನು ನಾನು ಬೈಯಲಾರೆ, ಸಂಜೆ ಲೆಕ್ಕ ಒಪ್ಪಿಸದಿದ್ದರೆ ಅವನ ಸಂಬಳದಲ್ಲಿ ಹಿಡಿಯುತ್ತಾರಂತೆ. ಬೈಯಬೇಕಾದವರು ಮೇಲಿದ್ದಾರೆ.

ಬೆಳಿಗ್ಗೆ ಒಂಬತ್ತಕ್ಕೆ ಮೊದಲು ಮತ್ತು ಸಂಜೆ ಆರರ ನಂತರ ಸಾಲಗಾರರಿಗೆ ಕರೆ ಕೂಡ ಮಾಡಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿಯೇ ನಿಯಮ ಮಾಡಿದೆ. ಕುಟುಂಬದ ತಿಂಗಳ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಹಣ ಕಂತುಗಳಿಗೆ ಹೋಗುವಂತೆ ಸಾಲ ಕೊಡಕೂಡದು ಎಂಬುದೂ ಅದೇ ನಿಯಮಾವಳಿಯಲ್ಲಿದೆ. ಆದರೆ ಮಂಡಕ್ಕಿ ಭಟ್ಟಿಯಲ್ಲಿ ಜರಡಿ ಹಿಡಿದು ಚೀಲ ತುಂಬುವ ಆ ಹೆಣ್ಣುಮಗಳಿಗೆ ಮೂರು ಸಂಘಗಳಿಂದ ಸಾಲ ಕೊಟ್ಟಿದ್ದಾರೆ. ಫಾರಂನಲ್ಲಿ ಆದಾಯದ ಜಾಗವನ್ನು ಅವರೇ ತುಂಬಿಕೊಂಡು, ಬೆರಳು ಒತ್ತಿಸಿಕೊಂಡು ಹೋದದ್ದನ್ನು ಇದೇ ಪಡಸಾಲೆಯಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ. ಅತ್ತೆಯ ಆಸ್ಪತ್ರೆ ಖರ್ಚಿಗೆಂದು ಅವಳು ಮೊದಲ ಸಂಘಕ್ಕೆ ಸೇರಿದ್ದಳು. ಎರಡನೆಯ ಸಂಘಕ್ಕೆ ಸೇರಿದ್ದು ಮೊದಲನೆಯದರ ಕಂತು ಕಟ್ಟಲಿಕ್ಕೆ. ಮೂರನೆಯದರ ಕಾರಣವನ್ನು ನಾನು ಬೇರೆ ಹೇಳಬೇಕಾಗಿಲ್ಲ.

ಮೂರೂ ಸಾಕಾಗದಿದ್ದಾಗ ಅವಳು ದಿನದ ಲೆಕ್ಕದಲ್ಲಿ ಸಾಲ ಕೊಡುವ ಮೀಟರ್ ಬಡ್ಡಿಯವರ ಬಳಿಗೆ ಹೋದಳು. ಸಂಪಾದಕರೇ, ಅಧಿಕಾರಿಗಳು ಕಾಣದ ಜಾಗ ಇದು. ಸಂಘದ ಸಾಲ ಬೇರೆ, ಮೀಟರ್ ಬಡ್ಡಿ ಬೇರೆ ಎಂದು ಅವರು ಎರಡು ಕಡತಗಳಲ್ಲಿ ಬರೆದಿಟ್ಟುಕೊಂಡಿದ್ದಾರೆ. ನಮ್ಮ ಬೀದಿಯಲ್ಲಿ ಅವೆರಡೂ ಒಂದೇ ಹಗ್ಗದ ಎರಡು ಎಳೆಗಳು. ಗುರುವಾರದ ಕಂತನ್ನು ತಪ್ಪಿಸುವಂತಿಲ್ಲ, ಏಕೆಂದರೆ ತಪ್ಪಿದರೆ ಅಕ್ಕಪಕ್ಕದ ಒಂಬತ್ತು ಹೆಂಗಸರ ಮುಂದೆ ತಲೆ ತಗ್ಗಿಸಬೇಕು. ಆದ್ದರಿಂದ ಬುಧವಾರ ರಾತ್ರಿಯೇ ದಿನದ ಬಡ್ಡಿಯವನ ಮನೆಯ ಮುಂದೆ ಹೆಂಗಸರು ನಿಂತಿರುತ್ತಾರೆ. ಹತ್ತು ಸಾವಿರ ಎಂದು ಬರೆಸಿಕೊಂಡು ಎಂಟೂವರೆ ಸಾವಿರ ಕೈಗೆ ಕೊಡುತ್ತಾರೆ. ದಿನಕ್ಕೆ ನೂರರಂತೆ ನೂರು ದಿನ ಕಟ್ಟಬೇಕು, ಒಂದು ದಿನ ತಪ್ಪಿದರೆ ಐವತ್ತು ದಂಡ. ಇದು ಸಣ್ಣ ಬಡ್ಡಿ ಎಂದು ಅವರು ಹೇಳುತ್ತಾರೆ. ಅಸಲು ದಿನದಿನಕ್ಕೂ ಇಳಿಯುತ್ತಾ ಹೋಗುವುದನ್ನು ಲೆಕ್ಕಕ್ಕೆ ಹಿಡಿದು ನನ್ನ ಮಗಳು ಗುಣಿಸಿ ನೋಡಿದಾಗ ಅದು ವರ್ಷಕ್ಕೆ ನೂರಕ್ಕೆ ನೂರಿಪ್ಪತ್ತನ್ನೂ ದಾಟಿತು. ನಮ್ಮ ರಾಜ್ಯದಲ್ಲಿ ಲೇವಾದೇವಿದಾರರು ಭದ್ರತೆ ಇರುವ ಸಾಲಕ್ಕೆ ವರ್ಷಕ್ಕೆ ಶೇ 14, ಇಲ್ಲದ ಸಾಲಕ್ಕೆ ಶೇ 16 ಮೀರಿ ಬಡ್ಡಿ ಪಡೆಯುವಂತಿಲ್ಲ.

ಅವಳ ಆ ಸಾಲಕ್ಕೆ ಸಾಕ್ಷಿಯಾಗಿ ನಾನು ಸಹಿ ಹಾಕಿದ್ದೆ. ‘ಅಕ್ಕಾ, ಒಂದೇ ಒಂದು ಸಹಿ’ ಎಂದು ಅವಳು ಬಾಗಿಲಲ್ಲಿ ನಿಂತಾಗ ಇಲ್ಲವೆನ್ನಲು ಬಾಯಿ ಬರಲಿಲ್ಲ. ಶನಿವಾರ ಸಂಜೆ ಎರಡು ಬೈಕುಗಳಲ್ಲಿ ಬಂದ ನಾಲ್ವರು ಗೇಟಿಗೆ ಅಡ್ಡ ನಿಂತು, ಟ್ಯೂಷನ್ ಮುಗಿಸಿ ಬಂದ ನನ್ನ ಮಗಳನ್ನು ‘ನಿಮ್ಮಮ್ಮ ಸಾಕ್ಷಿ ಹಾಕ್ಯಾಳಲ್ಲ, ಅವಳು ಎಲ್ಲಿಗೆ ಹೋಗ್ಯಾಳ ಹೇಳು’ ಎಂದು ಕೇಳಿದ್ದಾರೆ. ಅವಳು ಜಗಳೂರಿನ ಕಡೆಯ ತವರಿಗೆ ಹೋಗಿರಬಹುದೆಂದು ಬೀದಿಯೇ ಬಲ್ಲದು, ಅವರಿಗೂ ಗೊತ್ತು. ಆದರೂ ಅರ್ಧ ಗಂಟೆ ಗೇಟು ಬಿಟ್ಟು ಕದಲಲಿಲ್ಲ. ಅಂದಿನಿಂದ ಮಗಳನ್ನು ಟ್ಯೂಷನ್ನಿಗೆ ನಾನೇ ಕರೆದುಕೊಂಡು ಹೋಗಿ ಬರುತ್ತಿದ್ದೇನೆ, ಅಷ್ಟು ಹೊತ್ತು ಯಂತ್ರ ನಿಂತಿರುತ್ತದೆ.

ದೂರು ಕೊಡಲು ಹೋದ ಕಥೆ ಇನ್ನೂ ನೋವಿನದು. ಠಾಣೆಯಲ್ಲಿ ಎರಡು ಗಂಟೆ ಕಾಯಿಸಿದ ಮೇಲೆ, ಸಂಘದವರು ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದವರು, ಅದು ನಮಗೆ ಬರುವುದಿಲ್ಲ ಎಂದರು. ಹಾಗಾದರೆ ಮೀಟರ್ ಬಡ್ಡಿಯವರ ಮೇಲಾದರೂ ತೆಗೆದುಕೊಳ್ಳಿ ಎಂದರೆ ಪುರಾವೆ ಕೇಳಿದರು. ಅವಳು ನನ್ನ ಬಳಿ ಬಿಟ್ಟುಹೋದ ಹಳದಿ ರಟ್ಟಿನ ಕಾರ್ಡನ್ನು ಮೇಜಿನ ಮೇಲಿಟ್ಟೆ. ಅದರಲ್ಲಿ ಗೆರೆ ಎಳೆದ ನೂರು ಮನೆಗಳಿವೆ, ಅರವತ್ತೊಂದರಲ್ಲಿ ನೀಲಿ ಶಾಯಿಯ ಗೀಚು ಇದೆ. ಕೊಟ್ಟವರ ಹೆಸರಾಗಲಿ, ವಿಳಾಸವಾಗಲಿ, ಕೊನೆಗೆ ಸಾಲ ಎಂಬ ಪದವಾಗಲಿ ಎಲ್ಲಿಯೂ ಇಲ್ಲ. ಇದು ಹಾಲಿನ ಲೆಕ್ಕದ ಕಾರ್ಡು ಇದ್ದರೂ ಇರಬಹುದಲ್ಲ ಎಂದು ಹಿಂದಕ್ಕೆ ಸರಿಸಿದರು. ಹೆಸರು ಬರೆದು ರಸೀದಿ ಕೊಟ್ಟು ಮೀಟರ್ ಬಡ್ಡಿ ನಡೆಸುವವನನ್ನು ಈ ಅಧಿಕಾರಿಗಳು ಎಲ್ಲಿ ನೋಡಿದ್ದಾರೆ? ಮರುದಿನ ಇನ್ನೊಂದು ಕಚೇರಿಗೆ ಹೋದರೆ ಮೊದಲು ಠಾಣೆಯ ಹಿಂಬರಹ ತನ್ನಿ ಎಂದರು. ಎರಡು ದಿನದ ದುಡಿಮೆ ಹೋಯಿತು, ಆಟೋಗೆ ಕೊಟ್ಟದ್ದು ಬೇರೆ.

ಕಾನೂನು ಇಲ್ಲವೆಂದು ಯಾರೂ ಹೇಳುವಂತಿಲ್ಲ. ವಿಪರೀತ ಬಡ್ಡಿ ನಿಷೇಧಿಸುವ ಕಾಯ್ದೆ 2004ರಿಂದಲೇ ಇದೆ. 2019ರ ಜುಲೈನಲ್ಲಿ ಋಣ ಪರಿಹಾರ ಕಾಯ್ದೆ ಜಾರಿಗೆ ಬಂದು, ವರ್ಷಕ್ಕೆ 1.20 ಲಕ್ಷ ರೂಪಾಯಿಗಿಂತ ಹೆಚ್ಚು ಆದಾಯ ಇಲ್ಲದ ಬಡವರ ಖಾಸಗಿ ಸಾಲ ಮನ್ನಾ ಎಂದಾಗ ನಮ್ಮ ಬೀದಿಯ ಎಷ್ಟು ಮಂದಿ ಗಿರವಿ ಚೀಟಿಗಳನ್ನು ಹಿಡಿದು ಉಪವಿಭಾಗಾಧಿಕಾರಿಯವರ ಕಚೇರಿಯ ಮುಂದೆ ಸಾಲುಗಟ್ಟಿ ನಿಂತಿರಲಿಲ್ಲ! ನನ್ನ ತಾಯಿಯೂ ನಿಂತಿದ್ದರು. ಅರ್ಜಿಗೆ ಉತ್ತರ ಬರುವ ಮೊದಲು ಅವರು ತೀರಿಕೊಂಡರು, ಓಲೆ ಗಿರವಿ ಅಂಗಡಿಯಲ್ಲೇ ಉಳಿಯಿತು. ಅದಕ್ಕೂ ಮೊದಲು 2018ರಲ್ಲಿ ‘ಬಡವರ ಬಂಧು’ ಎಂದು ಬೀದಿ ವ್ಯಾಪಾರಿಗಳಿಗೆ ಬಡ್ಡಿಯಿಲ್ಲದ ಸಾಲದ ಯೋಜನೆ ಬಂದಿತ್ತು. ಆದರೂ ಈಗಲೂ ನಮ್ಮೂರ ಕೆ.ಆರ್. ಮಾರುಕಟ್ಟೆಯ ಬಳಿ ಬೆಳಿಗ್ಗೆ ಒಂಬೈನೂರು ಪಡೆದು ಸಂಜೆ ಸಾವಿರ ಕೊಡುವ ತರಕಾರಿಯವರು ಇದ್ದಾರೆ, ಅನುಮಾನ ಇದ್ದವರು ಒಂದು ದಿನ ಸಂಜೆ ಹೋಗಿ ತಳ್ಳುಗಾಡಿಗಳ ಪಕ್ಕ ನಿಂತು ನೋಡಲಿ. 2025ರ ಆರಂಭದಲ್ಲಿ ಹಲವು ಜಿಲ್ಲೆಗಳಲ್ಲಿ ವಸೂಲಿಯ ಕಾಟ ತಾಳದೆ ಜನ ಮನೆ ಬಿಟ್ಟು ಹೋದಾಗ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆ ತಂದಿತು, ರಾಜ್ಯಪಾಲರು ಒಮ್ಮೆ ಹಿಂದಿರುಗಿಸಿ ಫೆಬ್ರುವರಿ 12ರಂದು ಅಂಕಿತ ಹಾಕಿದರು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಎಂದು ಓದಿದಾಗ ನಮ್ಮ ಸಂಘದ ಹೆಂಗಸರೆಲ್ಲ ನೆಮ್ಮದಿಯ ನಿಟ್ಟುಸಿರು ಬಿಟ್ಟೆವು. ಆ ಕಾನೂನಿನ ಹೆಸರನ್ನು ಠಾಣೆಯಲ್ಲಿ ನಾನೇ ಹೇಳಿಕೊಡಬೇಕಾಯಿತು.

ಗೃಹಲಕ್ಷ್ಮಿಯ ಎರಡು ಸಾವಿರ ಖಾತೆಗೆ ಬಿದ್ದ ದಿನ ನಮಗಿಂತ ಮೊದಲು ವಸೂಲಿಯವರಿಗೆ ತಿಳಿದಿರುತ್ತದೆ. ಆ ಹಣದಲ್ಲಿ ಮನೆಗೆ ಅಕ್ಕಿ ಬೇಳೆ ತಂದ ತಿಂಗಳು ಯಾವುದೆಂದು ನನಗೆ ನೆನಪಿಲ್ಲ.

ಆದ್ದರಿಂದ ಜಿಲ್ಲಾಡಳಿತ ಮೀಟರ್ ಬಡ್ಡಿಯವರನ್ನು ಕೂಡಲೇ ಹಿಡಿದು ಒಳಗೆ ಹಾಕಬೇಕು. ಸಂಘದವರು ಸಂಜೆ ಆರರ ಮೇಲೆ ಯಾರ ಮನೆಯ ಹೊಸ್ತಿಲನ್ನೂ ತುಳಿಯದಂತೆ ಮಾಡಬೇಕು. ಇಲ್ಲವೇ ನಮ್ಮಂಥವರು ಕೇಳಿದ ದಿನ ಬ್ಯಾಂಕಿನಲ್ಲಿ ಐದು ಸಾವಿರ ಸಿಗುವಂತಾದರೂ ಮಾಡಬೇಕು. ಎರಡೂ ಆಗದಿದ್ದರೆ ಏನಾದರೂ ಒಂದನ್ನು ಮಾಡಲಿ, ಸಂಬಳ ತೆಗೆದುಕೊಳ್ಳುವವರು ಅವರು, ಏನು ಮಾಡಬೇಕೆಂದು ನಾನು ಹೇಳಿಕೊಡಬೇಕೇ? ನಾಳೆ ಮತ್ತೆ ಗುರುವಾರ. ಅವಳ ಕಂತಿಗೆ ನನ್ನ ಪಾಲಿನ ನೂರು ರೂಪಾಯಿ ಇನ್ನೂ ಹೊಂದಿಲ್ಲ.

(ಮಗಳ ಓಡಾಟದ ಭಯದಿಂದ ಹೆಸರನ್ನು ಪ್ರಕಟಿಸಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.)

ಇಂತಿ,
ನೊಂದ ಓದುಗಳು,
ನಿಟುವಳ್ಳಿ, ದಾವಣಗೆರೆ